ಕಡಲತೀರದ ಸ್ಟೇಜಿನಲ್ಲಿ ಶಾರ್ಪಿ (ತಲೆ ತಿರುಗುವ ಬೀಮ್ ಲೈಟು) ತಾನಾಗೇ ಅಲ್ಲಾಡ್ತದೆ, ಆರಿ ಹೋಗ್ತದೆ. ದೊಡ್ಡ ಜನರೇಟರ್ ಹಾಕಿದ್ರೆ ಸರಿಹೋಗ್ತದಾ?

ಬೈತಖೋಲ್_ಬೀಮ್
ಡಿಸೆಂಬರಿನಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದ ಹತ್ತಿರ ಒಂದು ಆರ್ಕೆಸ್ಟ್ರಾಕ್ಕೆ ಲೈಟ್ ಹಾಕೋದಿದೆ. ಸ್ಟೇಜು 40×30 ಅಡಿ, ಮರಳ ಮೇಲೆ. ಸಾಮಾನು ಇಷ್ಟು: 54×3 ವ್ಯಾಟಿನ ಎಲ್‌ಇಡಿ ಪಾರ್ (ಬಣ್ಣ ಚೆಲ್ಲುವ ಲೈಟು) 24, 230 ವ್ಯಾಟಿನ 7ಆರ್ ಶಾರ್ಪಿ 12, ಎರಡು ಬಲ್ಬಿನ ಹ್ಯಾಲೋಜನ್ ಬ್ಲೈಂಡರ್ 4 (ಜನರ ಕಡೆ ಬೆಳಕು ಹೊಡೆಯೋದು, ಬಲ್ಬು ತಲಾ 650 ವ್ಯಾಟ್), ಹೇಜರ್ (ಬೀಮ್ ಕಾಣೋ ಹಾಗೆ ತೆಳು ಹೊಗೆ ಬಿಡೋದು) ಒಂದು, ಹಿಂದೆ 16×10 ಅಡಿಯ ಎಲ್‌ಇಡಿ ವಾಲ್. ಸೌಂಡೂ ಸೇರಿ ಎಲ್ಲದಕ್ಕೂ ಒಂದೇ 62.5 ಕೆವಿಎ ಜನರೇಟರ್.

ಇದೇ ಸೆಟ್ಟು ಹಿಂದಿನ ಕಾರ್ಯಕ್ರಮದಲ್ಲಿ ಮೂರು ತೊಂದ್ರೆ ಕೊಟ್ಟಿದೆ. ರಾತ್ರಿ ಒಂಬತ್ತರ ಮೇಲೆ ಶಾರ್ಪಿಗಳು ಕನ್ಸೋಲ್ ಮುಟ್ಟದೇ ಇದ್ರೂ ತಲೆ ಕೊಡವಲಿಕ್ಕೆ ಶುರು. ಬ್ಲೈಂಡರ್ ಹೊಡೆದಾಗ ಎರಡು ಮೂರು ಶಾರ್ಪಿ ಆರಿ ಹೋಗ್ತವೆ, ಮತ್ತೆ ಹತ್ತಲಿಕ್ಕೆ ನಿಮಿಷಗಟ್ಟಲೆ ಬೇಕು. ವಾಲ್ ಆನ್ ಮಾಡಿದ ಕೂಡ್ಲೇ ಸೌಂಡಿನಲ್ಲಿ ಗುಂಯ್ ಅಂತ ಹಮ್ಮು. ಜನರೇಟರ್ ಕೊಟ್ಟವರು ‘ಲೋಡ್ ಜಾಸ್ತಿ, 125 ಕೆವಿಎ ಹಾಕಿ’ ಅಂತಾರೆ. ಹೌದೋ ಅಲ್ಲವೋ?

ಕುಮಟಾ_ಹೇಜ್
125 ಹಾಕ್ಬಿಡಿ ಅಣ್ಣ. ಕಡಲ ಬದಿಗೆ ಯಾವಾಗ್ಲೂ ಒಂದು ಸೈಜು ದೊಡ್ಡದೇ ಬೇಕು.

ಮೂರುಫೇಸ್
ಮೊದಲು ಲೆಕ್ಕ ಹಾಕುವಾ. ಆ ಪಾರ್ ನಿಜಕ್ಕೂ ಎಳೆಯೋದು 150 ವ್ಯಾಟಿನ ಆಸುಪಾಸು, 24ಕ್ಕೆ 3.6 ಕಿಲೋವ್ಯಾಟ್. 230 ಅಂತ ಬರೆದ ಶಾರ್ಪಿ ಬಲ್ಲಾಸ್ಟು, ಮೋಟರು, ಫ್ಯಾನು ಸೇರಿ 350 ಎಳೆಯುತ್ತದೆ, 12ಕ್ಕೆ 4.2. ಬ್ಲೈಂಡರ್ ನಾಲ್ಕೂ ಪೂರ್ತಿ ಹೊತ್ತಿದ್ರೆ 5.2. ವಾಲ್ ಅರ್ಧ ಮೀಟರಿನ ಪ್ಯಾನೆಲ್ ಆದ್ರೆ ಅಗಲಕ್ಕೆ 10, ಎತ್ತರಕ್ಕೆ 6, ಒಟ್ಟು 60. ಪೂರ್ತಿ ಬಿಳಿ ತೋರಿಸಿದಾಗ ಒಂದಕ್ಕೆ 180 ವ್ಯಾಟ್ ಹಿಡಿದ್ರೆ 10.8. ಸಾಮಾನ್ಯ ವಿಡಿಯೋ ಓಡುವಾಗ ಅದರ ಮೂರನೇ ಒಂದು ಪಾಲೂ ಇರೋದಿಲ್ಲ. ಹೇಜರ್ 1.2. ಒಟ್ಟು 25 ಕಿಲೋವ್ಯಾಟ್. ಸೌಂಡಿಗೆ 10 ಸೇರಿಸಿ, 35.

62.5 ಕೆವಿಎ ಅಂದ್ರೆ 0.8 ಪವರ್ ಫ್ಯಾಕ್ಟರಿಗೆ 50 ಕಿಲೋವ್ಯಾಟ್. ಎಲ್ಲ ಒಟ್ಟಿಗೇ ಹೊತ್ತಿದ್ರೂ 70 ಪರ್ಸೆಂಟು. ಹಂಗಾಗಿ ಸೈಜು ಸಾಲದ್ದಲ್ಲ. ಇದೇ ಲೋಡನ್ನು 125ರ ಮೇಲೆ ಹಾಕಿದ್ರೆ ಹಾಡಿನ ನಡುವೆ ಇಂಜಿನ್ ಮೇಲೆ ಬರೀ 20 ಪರ್ಸೆಂಟ್ ಇರ್ತದೆ. ಡೀಸೆಲ್ ಇಂಜಿನ್ ಗಂಟೆಗಟ್ಟಲೆ 30ಕ್ಕಿಂತ ಕೆಳಗೆ ಓಡಿದ್ರೆ ಸಿಲಿಂಡರ್ ಸರಿಯಾಗಿ ಕಾಯೋದಿಲ್ಲ, ಅರೆಸುಟ್ಟ ಡೀಸೆಲ್ಲು, ಮಸಿ ಕಟ್ಟಿಕೊಳ್ತದೆ. ದುಡ್ಡೂ ದಂಡ, ಇಂಜಿನ್ನಿಗೂ ಕೇಡು.

ನಿಮ್ಮದು ಫೇಸ್ ಹಂಚಿಕೆಯ ತೊಂದ್ರೆ. ಯಾವ ಫೇಸಿಗೆ ಏನಿತ್ತು ಬರೀರಿ.

ಬೈತಖೋಲ್_ಬೀಮ್
ಕೆಂಪು ಫೇಸಿಗೆ ಲೈಟು ಎಲ್ಲಾ, ಬ್ಲೈಂಡರ್ ಡಿಮ್ಮರ್ ಸೇರಿ. ಹಳದಿಗೆ ಸೌಂಡು ಮತ್ತು ವಾಲ್. ನೀಲಿಗೆ ಚಪ್ಪರದ ಟ್ಯೂಬ್‌ಲೈಟು, ಅಂಗಡಿಗಳು.

ಮೂರುಫೇಸ್
ಅಲ್ಲೇ ಇದೆ ನೋಡಿ. 62.5 ಕೆವಿಎ ಒಂದು ಫೇಸಿಗೆ ಕೊಡೋದು 87 ಆಂಪ್ಸ್. ಹಳದಿಯಲ್ಲಿ ಸೌಂಡು 43, ವಾಲ್ 47, ಎರಡೂ ಜೋರಾದ ಕ್ಷಣಕ್ಕೆ 90. ನೀಲಿ ಹೆಚ್ಚುಕಡಿಮೆ ಖಾಲಿ.

ಶಾರ್ಪಿ ಆರೋದಕ್ಕೆ ಕಾರಣ ಬ್ಲೈಂಡರ್ರೇ. ಹ್ಯಾಲೋಜನ್ ಫಿಲಮೆಂಟ್ ತಣ್ಣಗಿದ್ದಾಗ ಕ್ಷಣಕಾಲ ತನ್ನ ಮಾಮೂಲಿ ಕರೆಂಟಿನ ಹತ್ತು ಪಟ್ಟಿಗೂ ಜಾಸ್ತಿ ಎಳೆಯುತ್ತದೆ. ನಾಲ್ಕು ಬ್ಲೈಂಡರ್ ಮಾಮೂಲಿಗೆ 22–23 ಆಂಪ್ಸ್. ಅದನ್ನು ಸೊನ್ನೆಯಿಂದ ನೂರಕ್ಕೆ ಒಂದೇ ಏಟಿಗೆ ಎತ್ತಿದ್ರೆ ಆ ಫೇಸಿನ ವೋಲ್ಟೇಜ್ ಕುಸೀತದೆ, ಶಾರ್ಪಿಯ ಡಿಸ್ಚಾರ್ಜ್ ಬಲ್ಬಿನ ಆರ್ಕು ತುಂಡಾಗ್ತದೆ. ಬಿಸಿ ಬಲ್ಬು ಕೂಡ್ಲೇ ಹತ್ತೋದಿಲ್ಲ, ಒಳಗಿನ ಒತ್ತಡ ಇಳಿಯೋವರೆಗೆ ಕಾಯಲೇ ಬೇಕು. ನೀವು ಹೇಳೋ ‘ನಿಮಿಷಗಟ್ಟಲೆ’ ಅದೇ.

ಕೆಂಪಿಗೆ ಪಾರ್, ಶಾರ್ಪಿ, ಹೇಜರ್ ಇಡಿ (39 ಆಂಪ್ಸ್). ಹಳದಿಗೆ ಸೌಂಡು ಮಾತ್ರ. ನೀಲಿಗೆ ವಾಲ್ ಮತ್ತು ಬ್ಲೈಂಡರ್, ಅತಿ ಹೆಚ್ಚು ಅಂದ್ರೆ 70. ಚಪ್ಪರದ ಲೈಟು, ಅಂಗಡಿ ಹೆಸ್ಕಾಂ ತಾತ್ಕಾಲಿಕ ಕನೆಕ್ಷನ್ನಿಗೆ ಹೋಗ್ಲಿ. ಜನರೇಟರ್ ಕೈಕೊಟ್ರೂ ಜನ ಕತ್ತಲಲ್ಲಿ ನಿಲ್ಲೋದಿಲ್ಲ. ಬ್ಲೈಂಡರ್ ಚಾನೆಲ್ಲನ್ನು ಶೋ ಉದ್ದಕ್ಕೂ 5 ಪರ್ಸೆಂಟಿನಲ್ಲಿ ಬಿಡಿ. ಫಿಲಮೆಂಟ್ ಬರೇ ಕೆಂಪಗೆ ಕಾಣ್ತದೆ ಅಷ್ಟೇ, ಏಟು ಕೊಟ್ಟಾಗ ಆ ಮೊದಲ ಎಳೆತ ಬಹಳ ತಗ್ತದೆ. ಶಾರ್ಪಿ ಬಲ್ಬುಗಳನ್ನೂ ಒಟ್ಟಿಗೆ ಹತ್ತಿಸಬೇಡಿ, ಎರಡೆರಡಾಗಿ ಹತ್ತಿಸಿ.

ಅಂಕೋಲಾ_ಆಂಪ್
ಹಂಚಿಕೆ ಸರಿ, ಆದ್ರೂ ನನ್ನ ಮತ ಸೌಂಡಿಗೆ ಬೇರೆಯೇ ಜನರೇಟರ್, 25–30 ಕೆವಿಎ ಸಾಕು. ಎಸ್‌ಸಿಆರ್ ಡಿಮ್ಮರ್ ಅರ್ಧ ಹೊತ್ತಿದಾಗ ತರಂಗವನ್ನು ಕತ್ತರಿಸಿ ಕತ್ತರಿಸಿ ಕೊಡ್ತದೆ, ಆ ಗಲಾಟೆ ನ್ಯೂಟ್ರಲ್ ಮೇಲೆ ಕೂತು ಸೌಂಡಿಗೆ ಬರ್ತದೆ. ನೀವು ಹೇಳಿದ 5 ಪರ್ಸೆಂಟ್ ಇದೆಯಲ್ಲ, ಅದೂ ಸೇರಿ.

ಮೂರುಫೇಸ್
ಬಜೆಟ್ ಇದ್ರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಎರಡು ಜನರೇಟರ್ ಇಟ್ರೆ ಎರಡರ ಅರ್ಥಿಂಗನ್ನೂ ದಪ್ಪ ತಂತಿಯಲ್ಲಿ ಜೋಡಿಸಲೇ ಬೇಕು. ಇಲ್ಲದಿದ್ರೆ ಗಾಯಕನ ಕೈಯ ಮೈಕು ಒಂದು ಅರ್ಥ್, ಪಕ್ಕದ ಟ್ರಸ್ (ಲೈಟು ತೂಗುಹಾಕುವ ಲೋಹದ ಚೌಕಟ್ಟು) ಇನ್ನೊಂದು ಅರ್ಥ್. ಎರಡನ್ನೂ ಒಟ್ಟಿಗೆ ಮುಟ್ಟಿದವನಿಗೆ ಶಾಕ್.

ಕುಮಟಾ_ಹೇಜ್
ಹಮ್ಮಿಗೆ ಸುಲಭದ ದಾರಿ ಒಂದಿದೆಯಲ್ಲ, ಮಿಕ್ಸರ್ ಪ್ಲಗ್ಗಿನ ಅರ್ಥ್ ಪಿನ್ನು ತೆಗೆದ್ರೆ ಹಮ್ಮು ಹೋಗ್ತದೆ. ಎಲ್ಲ ಕಡೆ ಮಾಡ್ತಾರೆ.

ಅಂಕೋಲಾ_ಆಂಪ್
ತಮ್ಮಾ, ಅದನ್ನು ಯಾವತ್ತೂ ಮಾಡ್ಬೇಡ. ಮಿಕ್ಸರಿನ ಅರ್ಥ್ ಕಿತ್ತ ಮೇಲೆ ಅದರ ಬಾಡಿಗೆ ಉಳಿದ ದಾರಿ ಮೈಕ್ ಕೇಬಲ್ಲಿನ ಶೀಲ್ಡ್ ಒಂದೇ. ಒಳಗೆ ಎಲ್ಲೋ ಫೇಸ್ ತಾಗಿದ್ರೆ ಮೈಕಿನ ಜಾಲಿಗೇ 230 ವೋಲ್ಟ್. ಒದ್ದೆ ಮರಳಲ್ಲಿ ಬರಿಗಾಲಲ್ಲಿ ನಿಂತ ಗಾಯಕ, ತುಟಿಗೆ ತಾಗಿದ ಮೈಕು. ಜೀವ ಹೋಗ್ತದೆ.

ಹಮ್ಮು ಎಲ್ಲಿಂದ ಅಂತ ಹುಡುಕೋದು ಹೀಗೆ. ವಾಲ್ ಆನ್ ಇರುವಾಗ ವಿಡಿಯೋ ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ ಬರುವ ಆಡಿಯೋ ಕೇಬಲ್ ಕಿತ್ತು ನೋಡು. ಹಮ್ಮು ನಿಂತ್ರೆ ಅಲ್ಲೇ ಗ್ರೌಂಡ್ ಲೂಪ್. ಲ್ಯಾಪ್‌ಟಾಪು ಎಚ್‌ಡಿಎಂಐ ಮೂಲಕ ವಾಲ್ ಪ್ರೊಸೆಸರಿನ ಅರ್ಥಿಗೆ, ಆಡಿಯೋ ಮೂಲಕ ಮಿಕ್ಸರಿನ ಅರ್ಥಿಗೆ, ಎರಡೂ ಕಡೆ ಸಿಕ್ಕಿಕೊಂಡಿರ್ತದೆ. ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಸ್ಟೀರಿಯೋ ಡಿಐ ಬಾಕ್ಸ್ (ಆಡಿಯೋ ಸಿಗ್ನಲನ್ನು ಮಿಕ್ಸರಿಗೆ ಕೊಡೋ ಡಬ್ಬಿ) ಹಾಕಿ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತು. ಸಿಗ್ನಲ್ಲಿನ ಗ್ರೌಂಡನ್ನು ಬೇರೆ ಮಾಡಬಹುದು, ಕರೆಂಟಿನ ಅರ್ಥನ್ನು ಅಲ್ಲ. ಮಲ್ಟಿಕೋರ್ ಕೇಬಲನ್ನು (ಎಲ್ಲ ಮೈಕುಗಳ ತಂತಿಯ ಕಟ್ಟು) ಪವರ್ ಕೇಬಲ್ ಜೊತೆ ಕಟ್ಟಿ ಎಳೀಬೇಡ. ದಾಟಲೇ ಬೇಕಾದ ಕಡೆ ಅಡ್ಡಡ್ಡ ದಾಟಿಸು.

ಡಿಪ್‌ಸ್ವಿಚ್
ಶಾರ್ಪಿ ತಲೆ ಕೊಡವೋದಕ್ಕೂ ಕರೆಂಟಿಗೂ ಸಂಬಂಧ ಕಡಿಮೆ. ಅದು ಡಿಎಂಎಕ್ಸ್, ಕನ್ಸೋಲಿನಿಂದ ಲೈಟುಗಳಿಗೆ ಆಜ್ಞೆ ಹೋಗುವ ಡೇಟಾ ಲೈನು. ಬೀಮ್ ಅಣ್ಣ, ಒಂದೇ ಲೈನಿನಲ್ಲಿ ಎಷ್ಟು ಫಿಕ್ಸ್ಚರ್ (ಲೈಟು, ಯಂತ್ರ)? ಕೇಬಲ್ ಯಾವುದು? ಕೊನೆಯಲ್ಲಿ ಟರ್ಮಿನೇಟರ್ ಇತ್ತಾ?

ಬೈತಖೋಲ್_ಬೀಮ್
ಎಲ್ಲಾ ಒಂದೇ ಲೈನು. ಮೊದಲು ಪಾರ್, ಆಮೇಲೆ ಡಿಮ್ಮರು, ಹೇಜರು, ಕೊನೆಗೆ ಮೇಲಿನ ಟ್ರಸ್ಸಿನ ಶಾರ್ಪಿ. ಕೇಬಲ್ ಮೈಕಿನದೇ, ಮೂರು ಪಿನ್ನು. ಟರ್ಮಿನೇಟರ್ ಇಲ್ಲ. ಚಾನೆಲ್ ಲೆಕ್ಕ 390, 512ರ ಒಳಗೇ ಇದೆ.

ಡಿಪ್‌ಸ್ವಿಚ್
ಚಾನೆಲ್ ಲೆಕ್ಕ ಸರಿ, ಫಿಕ್ಸ್ಚರ್ ಲೆಕ್ಕ ತಪ್ಪಿದೆ. ಡಿಎಂಎಕ್ಸ್ ಓಡೋದು ಆರ್‌ಎಸ್-485 ಅನ್ನೋ ಡೇಟಾ ಪದ್ಧತಿಯ ಮೇಲೆ, ಅದರಲ್ಲಿ ಒಂದು ಲೈನಿಗೆ 32 ಯೂನಿಟ್ ಲೋಡ್ (ಸಾಮಾನ್ಯಕ್ಕೆ ಒಂದು ಫಿಕ್ಸ್ಚರಿಗೆ ಒಂದು) ಮಾತ್ರ. ನಿಮ್ಮದು 24, 12, ಡಿಮ್ಮರ್ 1, ಹೇಜರ್ 1, ಒಟ್ಟು 38. ಹೊಸ ಚಿಪ್ ಇರೋ ಫಿಕ್ಸ್ಚರ್ ಕಾಲು ಯೂನಿಟ್ಟೋ ಎಂಟನೇ ಒಂದೋ ಆಗಿರಬಹುದು ಅಂತ ವಾದ ಮಾಡುವವರಿದ್ದಾರೆ. ಬಾಡಿಗೆ ಪಾರಿನ ಒಳಗೆ ಯಾವ ಚಿಪ್ಪಿದೆ ಅಂತ ಬಿಚ್ಚದೇ ಗೊತ್ತಾಗೋದಿಲ್ಲ, ಹಾಗಾಗಿ 32 ಅಂತಲೇ ಹಿಡೀರಿ, 25ಕ್ಕೆ ನಿಲ್ಲಿಸಿದ್ರೆ ಇನ್ನೂ ಒಳ್ಳೆಯದು.

ಎರಡನೇದು ಮೈಕ್ ಕೇಬಲ್. ಡಿಎಂಎಕ್ಸಿಗೆ 110–120 ಓಮ್ ಇಂಪಿಡೆನ್ಸಿನ ಹೊಸೆದ ಜೋಡಿ ತಂತಿ ಬೇಕು. ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್ ಓಡ್ತದೆ. ಮೈಕ್ ಕೇಬಲಿನ ಇಂಪಿಡೆನ್ಸ್ ಅದಕ್ಕಿಂತ ಬಹಳ ಕಡಿಮೆ, ಒಳಗಿನ ಕೆಪಾಸಿಟೆನ್ಸ್ ಜಾಸ್ತಿ. ಚೌಕದ ತರಂಗದ ಮೂಲೆಗಳು ಸವೆದು ದುಂಡಗಾಗ್ತವೆ. ಹತ್ತಡಿ ತುಂಡಿನಲ್ಲಿ ನಡೀತದೆ, ನೂರಡಿ ದಾಟಿದ್ರೆ ಇಲ್ಲ. ಮೂರನೇದು ಟರ್ಮಿನೇಟರ್. ಲೈನಿನ ತುದಿ ತೆರೆದಿದ್ರೆ ಸಿಗ್ನಲ್ ತುದಿಗೆ ಬಡಿದು ವಾಪಸ್ ಬಂದು ಹಿಂದಿನಿಂದ ಬರುವ ಸಿಗ್ನಲ್ಲಿಗೇ ಡಿಕ್ಕಿ. ತುದಿಯ ಹತ್ತಿರ ಇರುವ ಫಿಕ್ಸ್ಚರಿಗೆ ಪೆಟ್ಟು ಹೆಚ್ಚು, ನಿಮ್ಮಲ್ಲಿ ಅವು ಶಾರ್ಪಿಗಳೇ. ಪಾರ್ ಕೂಡ ತಪ್ಪು ಡೇಟಾ ಓದ್ತಿರ್ತದೆ, ಬಣ್ಣದಲ್ಲಿ ಸಣ್ಣ ಮಿಣುಕು ಯಾರಿಗೂ ಕಾಣೋದಿಲ್ಲ. ಶಾರ್ಪಿಯ ಪ್ಯಾನ್ ಒಂದು ಹೆಜ್ಜೆ ತಪ್ಪಿದ್ರೆ ಇಡೀ ಬೀಚಿಗೇ ಕಾಣ್ತದೆ.

ಕುಮಟಾ_ಹೇಜ್
ಒಂಬತ್ತರ ಮೇಲೇ ಯಾಕೆ? ಸಂಜೆ ಟೆಸ್ಟಿನಲ್ಲಿ ಸರಿ ಇರ್ತದಲ್ಲ?

ಡಿಪ್‌ಸ್ವಿಚ್
ಇಬ್ಬನಿ. ಡಿಸೆಂಬರಿನ ರಾತ್ರಿ ಟ್ರಸ್ಸಿನ ಅಲ್ಯುಮಿನಿಯಂ ತಣ್ಣಗಾಗಿ ಅದರ ಮೇಲೆ ನೀರು ಕೂರ್ತದೆ. ಹಗಲೆಲ್ಲ ಬಂದ ಉಪ್ಪಿನ ಹುಡಿ ಆಗಲೇ ಕನೆಕ್ಟರಿನ ಮೇಲೆ ಇರ್ತದೆ. ಉಪ್ಪು ಇಬ್ಬನಿ ಸೇರಿದ್ರೆ ಪಿನ್ನು ಪಿನ್ನಿನ ನಡುವೆ ಸೋರಿಕೆ. ಮೊದಲೇ ಅಂಚಿನಲ್ಲಿದ್ದ ಸಿಗ್ನಲ್ಲು ಆಗ ಬಿದ್ದು ಹೋಗ್ತದೆ. ಸಂಜೆ ಟೆಸ್ಟ್ ಪಾಸ್ ಆಯ್ತು ಅಂತ ಕಡಲತೀರದಲ್ಲಿ ನಂಬಬಾರದು.

ಮಾಡಬೇಕಾದ್ದು: ಆಪ್ಟೋ-ಐಸೊಲೇಟೆಡ್ ಸ್ಪ್ಲಿಟರ್ (ಒಂದು ಡೇಟಾ ಲೈನನ್ನು ಕರೆಂಟು ದಾಟದ ಹಾಗೆ ಹಲವು ಮಾಡುವ ಡಬ್ಬಿ) ಒಂದು ಸ್ಟೇಜಿನ ಬದಿಗೆ ಇಡಿ. ಕನ್ಸೋಲಿನಿಂದ ಒಂದು ಕೇಬಲ್ ಅದಕ್ಕೆ, ಅಲ್ಲಿಂದ ಒಂದು ಲೈನ್ ಪಾರಿಗೆ, ಒಂದು ಶಾರ್ಪಿಗೆ, ಒಂದು ಡಿಮ್ಮರ್-ಹೇಜರಿಗೆ. ಪ್ರತಿ ಲೈನಿನ ತುದಿಗೆ ಟರ್ಮಿನೇಟರ್. ವೈ ಕೇಬಲ್ ಹಾಕಿ ಕವಲು ಒಡೆಯೋದು ಬೇಡವೇ ಬೇಡ. ಆಪ್ಟೋ ಇದ್ರೆ ಇನ್ನೊಂದು ಲಾಭ, ಒಂದು ಫಿಕ್ಸ್ಚರಿನಲ್ಲಿ ಕರೆಂಟು ಡೇಟಾ ಲೈನಿಗೆ ನುಗ್ಗಿದ್ರೂ ಕನ್ಸೋಲ್ ಉಳೀತದೆ.

ಬೈತಖೋಲ್_ಬೀಮ್
ಟರ್ಮಿನೇಟರ್ ಇಲ್ಲಿ ಅಂಗಡಿಯಲ್ಲಿ ಸಿಗೋದಿಲ್ಲ. ಮನೆಯಲ್ಲೇ ಮಾಡಬಹುದಾ?

ಡಿಪ್‌ಸ್ವಿಚ್
ಖಂಡಿತ. ಗಂಡು ಎಕ್ಸ್‌ಎಲ್‌ಆರ್ ಕನೆಕ್ಟರ್ ಒಂದು, 120 ಓಮ್ ಕಾಲು ವ್ಯಾಟಿನ ರೆಸಿಸ್ಟರ್ ಒಂದು. ಪಟ್ಟಿ ಕಂದು, ಕೆಂಪು, ಕಂದು, ಆಮೇಲೆ ಬಂಗಾರ. 2 ಮತ್ತು 3ನೇ ಪಿನ್ನಿನ ನಡುವೆ ಬೆಸುಗೆ ಹಾಕಿ, 1ನೇ ಪಿನ್ ಖಾಲಿ ಬಿಡಿ. ಕಾಲುಗಳಿಗೆ ಸ್ಲೀವ್ ಏರಿಸಿ. ಕೊನೆಯ ಫಿಕ್ಸ್ಚರಿನ ಔಟ್‌ಗೆ ಚುಚ್ಚಿ. ಆಮೇಲೆ ಸ್ಪ್ಲಿಟರ್ ಕಡೆಯ ತುದಿ ಬಿಚ್ಚಿ, ಮೀಟರನ್ನು ಓಮಿಗೆ ಇಟ್ಟು 2–3 ಅಳೆಯಿರಿ. 90ರಿಂದ 130ರ ಒಳಗೆ ಬಂದ್ರೆ ಲೈನ್ ಕೊನೆಯವರೆಗೂ ತಲುಪಿದೆ. ಸೊನ್ನೆ ಹತ್ತಿರ ಬಂದ್ರೆ ಎಲ್ಲೋ ಶಾರ್ಟು. ನೂರಾರು, ಸಾವಿರಾರು ಬಂದ್ರೆ ನಡುವೆ ಎಲ್ಲೋ ತಂತಿ ತುಂಡು. ಹತ್ತು ಸೆಕೆಂಡಿನ ಕೆಲಸ, ಟ್ರಸ್ ಮೇಲೇರಿದ ಮೇಲೆ ಏಣಿ ಹತ್ತುವುದು ತಪ್ತದೆ.

ಕುಮಟಾ_ಹೇಜ್
ವೈರ್‌ಲೆಸ್ ಡಿಎಂಎಕ್ಸ್ ಹಾಕಿದ್ರೆ ಈ ರಗಳೆ ಯಾವುದೂ ಇಲ್ಲ.

ಡಿಪ್‌ಸ್ವಿಚ್
ಅಗ್ಗದವು ಎಲ್ಲ 2.4 ಗಿಗಾಹರ್ಟ್ಸಿನವು, ವೈಫೈ ಬ್ಲೂಟೂತ್ ಎಲ್ಲ ಅಲ್ಲೇ. ಖಾಲಿ ಬೀಚಿನಲ್ಲಿ ಸೊಗಸಾಗಿ ನಡೀತದೆ. ಸಾವಿರಾರು ಮೊಬೈಲ್ ಬಂದು ಕೂತ ಮೇಲೆ, ಅದೂ ಮನುಷ್ಯರ ಮೈ ಆ ತರಂಗವನ್ನು ಹೀರಿಕೊಳ್ಳುವಾಗ, ಭರವಸೆ ಇಲ್ಲ. ದೂರದ ಡಿಲೇ ಟವರಿನ (ಜನರ ಹಿಂಭಾಗದ ಸ್ಪೀಕರ್ ಕಂಬ) ಪಾರಿಗೆ ಬೇಕಾದ್ರೆ ಹಾಕು. ಮುಖ್ಯ ಲೈನಿಗೆ ತಾಮ್ರವೇ.

ಗಾಳಿಮಾಪಕ
ಎಲ್ಲರೂ ಕರೆಂಟಿನಲ್ಲೇ ಇದ್ದೀರಿ. 16×10 ವಾಲನ್ನು ಮರಳ ಮೇಲೆ ನಿಲ್ಲಿಸ್ತಾ ಇದ್ದಾರೆ, ಅದರ ಬಗ್ಗೆ ಯಾರೂ ಕೇಳ್ಲಿಲ್ಲ. ಸ್ಟೇಜಿನ ಬೆನ್ನು ಯಾವ ದಿಕ್ಕಿಗೆ?

ಬೈತಖೋಲ್_ಬೀಮ್
ಸಮುದ್ರದ ಕಡೆ. ಜನ ಸೂರ್ಯಾಸ್ತ ನೋಡ್ತಾ ಕೂರ್ಲಿ ಅಂತ ಸಂಘಟಕರ ಆಸೆ.

ಗಾಳಿಮಾಪಕ
ಹಾಗಿದ್ರೆ ಮಧ್ಯಾಹ್ನದ ಕಡಲ ಗಾಳಿ ಸೀದಾ ವಾಲ್ ಬೆನ್ನಿಗೆ. ಲೆಕ್ಕ ಇದು: ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ 0.6 ಗುಣಿಸು ವೇಗದ ವರ್ಗ, ಉತ್ತರ ನ್ಯೂಟನ್ನಿನಲ್ಲಿ. ಗಾಳಿ ಭಾರದ ಭಾರತೀಯ ಮಾನದಂಡ ಐಎಸ್ 875 ಮೂರನೇ ಭಾಗದಲ್ಲಿ ಇರೋದೇ ಇದು. ಸೆಕೆಂಡಿಗೆ 15 ಮೀಟರ್, ಅಂದ್ರೆ ಗಂಟೆಗೆ 54 ಕಿಲೋಮೀಟರ್ ಗಾಳಿಗೆ 135 ನ್ಯೂಟನ್. ನಿಮ್ಮ ವಾಲ್ 15 ಚದರ ಮೀಟರ್. ಚಪ್ಪಟೆ ಹಲಗೆಗೆ 1.3ರ ಗುಣಾಂಕ ಸೇರಿಸಿದ್ರೆ 2,630 ನ್ಯೂಟನ್, ಸುಮಾರು 270 ಕೆಜಿ ತಳ್ಳು.

ಎಲ್ಲರೂ ‘ವಾಲೇ 480 ಕೆಜಿ ಇದೆ, ಎಲ್ಲಿ ಹೋಗ್ತದೆ’ ಅಂತಾರೆ. ಮುಂದಿನಿಂದ ಗಾಳಿ ಬಂದ್ರೆ ಆ ಮಾತು ಸರಿ, ಹಿಂದೆ ಚಾಚಿದ ಕಾಲು ಇರ್ತದೆ, ವಾಲಿನ ತೂಕವೇ ಅದನ್ನು ಹಿಡೀತದೆ. ಹಿಂದಿನಿಂದ ಬಂದ್ರೆ ವಾಲ್ ಮುಂದಿನ ಅಂಚಿನ ಮೇಲೆ ತಿರುಗ್ತದೆ, ಅಲ್ಲಿ ಅದರ ಸ್ವಂತ ತೂಕಕ್ಕೆ ಸನ್ನೆಯೇ ಇಲ್ಲ. ಬೀಳೋದು ಕಲಾವಿದರ ಮೇಲೆ. ವಾಲ್ ನಡುಮಟ್ಟ ಬುಡದಿಂದ 2 ಮೀಟರ್ ಎತ್ತರ, ಹಿಂದಿನ ಕಾಲು ಒಂದೂವರೆ ಮೀಟರ್ ಅಂತ ಹಿಡಿದ್ರೆ 270 ಗುಣಿಸು 2, ಅದಕ್ಕೆ ಒಂದೂವರೆ ಪಟ್ಟು ಸುರಕ್ಷತೆ, ಭಾಗಿಸು 1.5. ಹಿಂದಿನ ಕಾಲುಗಳ ತುದಿಗೆ 540 ಕೆಜಿ ಭಾರ ಬೇಕು. 200 ಲೀಟರಿನ ಡ್ರಮ್ಮು ಮೂರು, ಪೂರ್ತಿ ನೀರು ತುಂಬಿಸಿ, ಕಾಲಿನ ಚೌಕಟ್ಟಿಗೆ ರ್‍ಯಾಚೆಟ್ ಬೆಲ್ಟಿನಿಂದ ಬಿಗಿದು. ಬರೇ ಪಕ್ಕಕ್ಕೆ ಒರಗಿಸಿ ಇಟ್ರೆ ಲೆಕ್ಕಕ್ಕಿಲ್ಲ.

ಬೈತಖೋಲ್_ಬೀಮ್
ಮರಳಿಗೆ ಕಬ್ಬಿಣದ ಗೂಟ ಹೊಡೆದು ಹಗ್ಗ ಬಿಗಿದ್ರೆ ಆಗೋದಿಲ್ಲವಾ? ಶಾಮಿಯಾನಕ್ಕೆ ಹಾಗೇ ಮಾಡ್ತಾರೆ.

ಗಾಳಿಮಾಪಕ
ಒಣ ಮರಳಿನಲ್ಲಿ ಎರಡಡಿ ಗೂಟ ಬೆಣ್ಣೆಯಲ್ಲಿ ಕಡ್ಡಿ ಚುಚ್ಚಿದ ಹಾಗೆ, ಎಳೆದ್ರೆ ಬಂತು. ಗೂಟ ಬೇಕೇ ಬೇಕು ಅಂದ್ರೆ ಹಲಗೆ ಹೂಳುವ ಪದ್ಧತಿ ಇದೆ, ಮೂರಡಿ ಆಳಕ್ಕೆ ಮರದ ತುಂಡು ಅಡ್ಡ ಹೂತು ಅದಕ್ಕೆ ಬೆಲ್ಟು ಕಟ್ಟೋದು. ಆದರೂ ಭಾರವೇ ನಂಬಿಕೆಯದ್ದು.

ಟ್ರಸ್ ಕಾಲಿನ ಬುಡಕ್ಕೂ ಎರಡಡಿ ಚೌಕದ ದಪ್ಪ ಪ್ಲೈವುಡ್ ಅಥವಾ ಹಲಗೆ ಹಾಕಿ. ಕಬ್ಬಿಣದ ಪ್ಲೇಟು ಸೀದಾ ಮರಳಿಗೆ ಕೂತ್ರೆ ರಾತ್ರಿಯೊಳಗೆ ಒಂದು ಕಾಲು ಇಳಿದು ಇಡೀ ಚೌಕಟ್ಟು ತಿರುಚ್ತದೆ. ಶೋ ದಿನ ಬೆಳಿಗ್ಗೆ, ಮಧ್ಯಾಹ್ನ ಲೆವೆಲ್ ನೋಡಿ. ಕೈಯಲ್ಲಿ ಹಿಡಿಯುವ ಗಾಳಿಮಾಪಕ ದೊಡ್ಡ ಖರ್ಚಲ್ಲ, ಟ್ರಸ್ಸಿನ ತುದಿಗೆ ಕಟ್ಟಿ. ಸೆಕೆಂಡಿಗೆ 10 ಮೀಟರ್ ದಾಟಿದ್ರೆ ಒಬ್ಬ ಅದನ್ನೇ ನೋಡ್ತಾ ನಿಲ್ಲಬೇಕು, ಫ್ಲೆಕ್ಸು, ಬಟ್ಟೆ ಪರದೆ ಬಿಚ್ಚಬೇಕು. 15ಕ್ಕೆ ವಾಲ್ ಕೆಳಗೆ, ಸ್ಟೇಜಿನಿಂದ ಜನ ಹೊರಗೆ. ಟ್ರಸ್ಸಿನ ಕಂಪನಿ ಚಾರ್ಟ್ ಇದಕ್ಕಿಂತ ಕಡಿಮೆ ಹೇಳಿದ್ರೆ ಅದೇ ಅಂತಿಮ. ಈ ನಿರ್ಧಾರ ಯಾರದ್ದು ಅಂತ ಸಂಘಟಕರ ಹತ್ರ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಗಾಳಿ ಎದ್ದ ಮೇಲೆ ‘ಇನ್ನೊಂದು ಹಾಡು ಮುಗೀಲಿ’ ಅಂತಾರೆ.

ಅಂಕೋಲಾ_ಆಂಪ್
ಫ್ಲೆಕ್ಸ್ ವಿಷಯ ಹೇಳಿದ್ದು ಒಳ್ಳೇದಾಯ್ತು. ಟ್ರಸ್ ಲೆಕ್ಕ ಮಾಡಿದವರು ಮಾಡಿ ಹೋದ ಮೇಲೆ ಪ್ರಾಯೋಜಕರ 20×10 ಫ್ಲೆಕ್ಸ್ ಬಂದು ಮೇಲೆ ಕೂರ್ತದೆ. ಅದೇ 15 ಮೀಟರ್ ಗಾಳಿಗೆ ಅದೊಂದೇ 300 ಕೆಜಿ ಮೇಲೆ.

ಗಾಳಿಮಾಪಕ
ಹೌದು. ಫ್ಲೆಕ್ಸಿನ ಬದಲು ಜಾಲರಿ ಬ್ಯಾನರ್ ಹಾಕಿಸಿ, ತಳ್ಳು ಸ್ವಲ್ಪ ಕಮ್ಮಿ ಆಗ್ತದೆ, ಆದ್ರೂ ಲೆಕ್ಕದಿಂದ ಬಿಡಬಾರದು. ಪ್ರತಿ ಶಾರ್ಪಿಗೂ ಕ್ಲ್ಯಾಂಪ್ ಬಿಟ್ಟು ಬೇರೆ ಸೇಫ್ಟಿ ವೈರ್ ಇರ್ಬೇಕು, ಟ್ರಸ್ಸಿನ ಮುಖ್ಯ ಪೈಪಿಗೆ ಸುತ್ತಿ, ಸಡಿಲ ಕಡಿಮೆ ಇಟ್ಟು. ಉದ್ದ ಬಿಟ್ರೆ ಬೀಳುವ ಜರ್ಕಿಗೆ ವೈರೇ ತುಂಡಾಗ್ತದೆ.

ಮೂರುಫೇಸ್
ಅರ್ಥಿಂಗ್ ಬಗ್ಗೆ ಹೇಳದೇ ಬಿಟ್ರೆ ತಪ್ಪಾಗ್ತದೆ. ಕಡಲತೀರದಲ್ಲಿ ನಡೆಯೋದು ಇಷ್ಟು: ಒಂದು ರಾಡು ಮರಳಿಗೆ ಹೊಡೆದು, ಒಂದು ಕೊಡ ಉಪ್ಪುನೀರು ಸುರಿದು, ‘ಅರ್ಥ್ ಆಯ್ತು’. ಮೇಲಿನ ಒಣ ಮರಳು ಕರೆಂಟನ್ನು ಬಿಡೋದೇ ಇಲ್ಲ, ರಾಡ್ ಕೆಳಗಿನ ಒದ್ದೆ ಪದರಕ್ಕೆ ಇಳೀಬೇಕು. ಎರಡು ರಾಡು, ತಲಾ ಎರಡೂವರೆ ಮೂರು ಮೀಟರ್, ನಡುವೆ ಕನಿಷ್ಠ ರಾಡಿನ ಉದ್ದದಷ್ಟು ಅಂತರ. ಅರ್ಥ್ ಟೆಸ್ಟರಿನಲ್ಲಿ ಅಳೆಯಿರಿ.

ಆದ್ರೆ ರಾಡ್ ಎಷ್ಟೇ ಚೆನ್ನಾಗಿದ್ರೂ ಅದೊಂದನ್ನೇ ನಂಬಬಾರದು. 5 ಓಮ್ ಬಂತು ಅಂತಿಟ್ಟುಕೊಳ್ಳಿ. ಟ್ರಸ್ಸಿಗೆ ಫೇಸ್ ತಾಗಿದಾಗ ಮಣ್ಣಿನ ಮೂಲಕ ಹರಿಯೋದು 230 ಭಾಗಿಸು 5, ಅಂದ್ರೆ 46 ಆಂಪ್ಸ್. 63 ಆಂಪ್ಸಿನ ಎಂಸಿಬಿ ಅದಕ್ಕೆ ಬೀಳೋದೇ ಇಲ್ಲ, ಟ್ರಸ್ಸಿನಲ್ಲಿ ಕರೆಂಟು ಹಾಗೇ ಉಳೀತದೆ. ಅದಕ್ಕೇ ಜನರೇಟರಿನಿಂದ ಸ್ಟೇಜಿಗೆ ಐದು ಕೋರಿನ ಕೇಬಲ್ ಬರಬೇಕು, ಐದನೇದು ಅರ್ಥ್. ಜನರೇಟರಿನ ಸ್ಟಾರ್ ಪಾಯಿಂಟು (ಮೂರೂ ಫೇಸ್ ಸೇರುವ ನ್ಯೂಟ್ರಲ್ ಬಿಂದು), ಬಾಡಿ, ರಾಡು ಮೂರೂ ಅಲ್ಲೇ ಸೇರಬೇಕು. ಆಗ ದೋಷದ ಕರೆಂಟು ತಾಮ್ರದಲ್ಲೇ ವಾಪಸ್, ನೂರಾರು ಆಂಪ್ಸ್, ಎಂಸಿಬಿ ಥಟ್ಟಂತ ಬೀಳ್ತದೆ. 50 ಮೀಟರ್ ಒಳಗೆ 25 ಚದರ ಮಿಲಿಮೀಟರ್ ತಾಮ್ರದ ರಬ್ಬರ್ ಕೇಬಲ್ ಸಾಕು, ವೋಲ್ಟೇಜ್ ಇಳಿತ 3–4 ವೋಲ್ಟ್. ಟ್ರಸ್ಸಿನ ಪ್ರತಿ ಕಾಲಿಗೂ, ವಾಲ್ ಚೌಕಟ್ಟಿಗೂ ಹಸಿರು ತಂತಿ ಬೋಲ್ಟ್ ಹಾಕಿ ಜೋಡಿಸಿ.

ಇದರ ಮೇಲೆ, ಸೋರಿಕೆ ಕಂಡ ಕೂಡ್ಲೇ ಕರೆಂಟು ಕಡಿಯುವ 30 ಮಿಲಿಆಂಪ್ಸಿನ ಆರ್‌ಸಿಸಿಬಿ.

ಕುಮಟಾ_ಹೇಜ್
ಆರ್‌ಸಿಸಿಬಿ ಹಾಕಿದ್ರೆ ಶೋ ನಡುವೆ ಬಿದ್ದು ಎಲ್ಲಾ ಕತ್ತಲು. ಅದಕ್ಕೇ ಯಾರೂ ಹಾಕೋದಿಲ್ಲ.

ಮೂರುಫೇಸ್
ಎಲ್ಲದಕ್ಕೂ ಒಂದೇ ಹಾಕಿದ್ರೆ ಬೀಳದೇ ಇರ್ತದಾ? ಎಲ್‌ಇಡಿ ಪವರ್ ಸಪ್ಲೈ ಪ್ರತಿಯೊಂದೂ ಅರ್ಥಿಗೆ ಅರ್ಧ, ಒಂದು ಮಿಲಿಆಂಪ್ಸ್ ಬಿಡೋದು ಸಹಜ, ದೋಷ ಅಲ್ಲ. 36 ಫಿಕ್ಸ್ಚರು, 60 ಪ್ಯಾನೆಲ್ ಒಂದರ ಕೆಳಗೆ ಕೂತ್ರೆ 30 ಯಾವಾಗಲೋ ದಾಟಿತು. ಅದೂ 15ರ ಮೇಲೆ ಎಲ್ಲಿ ಬೇಕಾದ್ರೂ ಬೀಳಬಹುದು. ಹಂಚಿ. ಎಂಟರಿಂದ ಹತ್ತು ಫಿಕ್ಸ್ಚರಿಗೆ ಒಂದು. ವಾಲನ್ನು ಸಣ್ಣ ಸಣ್ಣ ಗುಂಪು ಮಾಡಿ. ಒಂದು ಬಿದ್ರೆ ಎಂಟು ಪಾರ್ ಹೋಗ್ತದೆ, ಶೋ ನಡೀತದೆ.

ಇನ್ನು ನ್ಯೂಟ್ರಲ್. ಜನರೇಟರ್ ನಡುಕಕ್ಕೆ ಲಗ್ಗಿನ ನಟ್ಟು ಸಡಿಲಾಗಿ ನ್ಯೂಟ್ರಲ್ ಬಿಟ್ಟು ಹೋದ್ರೆ ಕಡಿಮೆ ಲೋಡಿರುವ ಫೇಸಿಗೆ 300, 350 ವೋಲ್ಟೂ ಬರಬಹುದು, ಅರ್ಧ ನಿಮಿಷದಲ್ಲಿ ಸೌಂಡು ಕನ್ಸೋಲು ಎಲ್ಲ ಬೂದಿ. ಎಲ್‌ಇಡಿ ಲೋಡಿನ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಫ್ರೀಕ್ವೆನ್ಸಿಯ ಕರೆಂಟು) ಮೂರೂ ಫೇಸಿನದು ನ್ಯೂಟ್ರಲಿನಲ್ಲಿ ಒಂದಕ್ಕೊಂದು ಕೂಡ್ತದೆ, ಕಳೆಯೋದಿಲ್ಲ. ಹಾಗಾಗಿ ಅರ್ಧ ಸೈಜಿನ ನ್ಯೂಟ್ರಲ್ ಕೇಬಲ್ ಒಪ್ಪಿಕೊಳ್ಳಬೇಡಿ. ಜೋಡಿಸುವಾಗ ಅರ್ಥ್ ಮೊದಲು, ಆಮೇಲೆ ನ್ಯೂಟ್ರಲ್, ಆಮೇಲೆ ಫೇಸ್. ಬಿಚ್ಚುವಾಗ ತಿರುಗುಮುರುಗು. ಓವರ್-ಅಂಡರ್ ವೋಲ್ಟೇಜ್ ರಿಲೇ ಒಂದು ಪ್ಯಾನೆಲಿನಲ್ಲಿ ಇರಲೇ ಬೇಕು.

ಕೂರ್ಮಗಡ
ಯಾರೂ ಹೇಳದ ಒಂದು ವಿಷಯ. ನವೆಂಬರಿನಿಂದ ಮಾರ್ಚಿನವರೆಗೆ ನಮ್ಮ ಕರಾವಳಿಯಲ್ಲಿ ಕಡಲಾಮೆ ಮೊಟ್ಟೆ ಇಡುವ ಕಾಲ. ದೇವಬಾಗದ ಕಡೆ, ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಗೂಡು ಸಿಗ್ತವೆ. ಮರಿ ಹೊರಬಂದಾಗ ಬೆಳಕಿನ ದಿಕ್ಕೇ ಸಮುದ್ರ ಅಂತ ತಿಳೀತದೆ. ಬಿಳಿ, ನೀಲಿ ಬೆಳಕಿಗೆ ಮೋಸ ಹೋಗೋದು ಹೆಚ್ಚು. ಕಾರ್ಯಕ್ರಮದ ಮೊದಲು ಅರಣ್ಯ ಇಲಾಖೆಯವರಿಗೆ ಹೇಳಿ ಹತ್ತಿರ ಗೂಡಿದೆಯಾ ಕೇಳಿ. ಶಾರ್ಪಿಯ ಟಿಲ್ಟ್ ಮಿತಿ ಕನ್ಸೋಲಿನಲ್ಲೇ ಹಾಕಿ, ಹಿಂದಕ್ಕೆ ನೀರಿನ ಮೇಲೆ ಹೋಗದ ಹಾಗೆ. ರಾತ್ರಿ ದೋಣಿಯವರ ಕಣ್ಣಿಗೂ ಅದು ಒಳ್ಳೇದಲ್ಲ. ಶೋ ಮುಗಿದ ಮೇಲೆ ಬಿಚ್ಚುವಾಗ ದೊಡ್ಡ ಫ್ಲಡ್‌ಲೈಟ್ ರಾತ್ರಿಯಿಡೀ ಉರಿಸೋದರ ಬದಲು ತಗ್ಗಿನಲ್ಲಿ ಹಳದಿ ಲೈಟ್ ಸಾಕು.

ಸ್ಟೇಜಿನ ಮುಖ ಊರ ಕಡೆ ಅಂದ್ರೆ ರಾಷ್ಟ್ರೀಯ ಹೆದ್ದಾರಿ 66ರ ಕಡೆಗೂ ಹೌದು. ಬ್ಲೈಂಡರ್ ಜನರ ತಲೆ ಮಟ್ಟಕ್ಕೆ ತಗ್ಗಿಸಿ, ಗಾಡಿ ಓಡಿಸುವವರ ಕಣ್ಣಿಗೆ ಹೊಡೀಬಾರದು. ಡ್ರೋನ್ ಯೋಚನೆ ಇದ್ರೆ ಅನುಮತಿ ಇಲ್ಲದೇ ಎತ್ತಬೇಡಿ, ನೌಕಾನೆಲೆ ಪಕ್ಕದಲ್ಲೇ ಇದೆ.

ಅಂಕೋಲಾ_ಆಂಪ್
ಮತ್ತೆ ಹತ್ತು ಗಂಟೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6 ಬಯಲಲ್ಲಿ ಧ್ವನಿವರ್ಧಕ ಇಲ್ಲ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ 12ರವರೆಗೆ ಸಡಿಲಿಕೆ ಕೊಡಬಹುದು. ಆ ದಿನ ಆ ಪಟ್ಟಿಯಲ್ಲಿ ಇದೆಯಾ ನೋಡಿಕೊಂಡೇ ಹಾಡಿನ ಪಟ್ಟಿ ಮಾಡಿ.

ಸೋಂದಾ_ಸೈಡ್‌ಲೈಟ್
ಸ್ವಲ್ಪ ಬೇರೆ ಪ್ರಶ್ನೆ. ಶಿರಸಿ ಕಡೆ ಯಕ್ಷಗಾನಕ್ಕೂ ಈಗ ಈ ಆರ್‌ಜಿಬಿ ಪಾರನ್ನೇ ತಂದು ಹಾಕ್ತಾರೆ. ಮುಖದ ಬಣ್ಣ ಸತ್ತ ಹಾಗೆ ಕಾಣ್ತದೆ, ಕೆಂಪು ಮುಂಡಾಸು ಒಮ್ಮೆ ಕಂದು ಒಮ್ಮೆ ಗುಲಾಬಿ. ಏನು ಕೇಳಿ ತರಿಸಬೇಕು?

ಡಿಪ್‌ಸ್ವಿಚ್
ಅಕ್ಕಾ, ಕೆಂಪು ಹಸಿರು ನೀಲಿ ಸೇರಿಸಿ ಮಾಡಿದ ಬಿಳುಪಿನಲ್ಲಿ ಹಳದಿ, ಕಿತ್ತಳೆಯ ಅಲೆಗಳು ಬಹುತೇಕ ಇಲ್ಲ. ಹಳದಿ ಬೆರೆತ ಮುಖವರ್ಣಿಕೆ ಪ್ರತಿಫಲಿಸಬೇಕಾದ್ದೇ ಅವು. ಇಲ್ಲದ ಬೆಳಕನ್ನು ಮುಖ ಎಲ್ಲಿಂದ ವಾಪಸ್ ಕೊಡ್ತದೆ? ‘ವಾರ್ಮ್ ವೈಟ್ ಪಾರ್, 3200 ಕೆಲ್ವಿನ್, ಸಿಆರ್‌ಐ 90ರ ಮೇಲೆ’ ಅಂತ ಕೇಳಿ (ಬಣ್ಣ ಎಷ್ಟು ನಿಜವಾಗಿ ಕಾಣ್ತದೆ ಅನ್ನೋ ಅಳತೆಯೇ ಸಿಆರ್‌ಐ). ಸಿಗದಿದ್ರೆ ಹಳೇ ಹ್ಯಾಲೋಜನ್ ಪಾರ್ 64 ನಾಲ್ಕು ತರಿಸಿ, ಬಣ್ಣಕ್ಕೆ ಅದನ್ನು ಮೀರಿದ್ದಿಲ್ಲ. ಒಂದಕ್ಕೆ 1000 ವ್ಯಾಟ್, 4.3 ಆಂಪ್ಸ್, ನಾಲ್ಕನ್ನೂ ಒಂದೇ 16 ಆಂಪ್ಸ್ ಪ್ಲಗ್ಗಿಗೆ ಹಾಕಬೇಡಿ.

ಇಡುವ ಜಾಗ: ರಂಗಸ್ಥಳದ ಮುಂದೆ ಎರಡೂ ಬದಿಗೆ, ನೋಡುವವರ ಸಾಲು ತಪ್ಪಿಸಿ, 45 ಡಿಗ್ರಿ ಮೇಲಿನಿಂದ 45 ಡಿಗ್ರಿ ಓರೆಯಲ್ಲಿ. ತೀರಾ ಮೇಲಿಂದ ಬಂದ್ರೆ ಕಿರೀಟದ, ಮುಂಡಾಸಿನ ನೆರಳು ಕಣ್ಣಿನ ಮೇಲೆ ಬೀಳ್ತದೆ. ಕಣ್ಣು ಕಾಣದ ವೇಷ ಏನು ಚಂದ? ಬದಿಯಿಂದ ಎದೆ ಎತ್ತರದಲ್ಲಿ ಒಂದೊಂದು ಹಾಕಿದ್ರೆ ನೆರಿಗೆ, ಭುಜಕೀರ್ತಿ ಎದ್ದು ಬರ್ತವೆ.

ಸೋಂದಾ_ಸೈಡ್‌ಲೈಟ್
ಹೊಗೆ?

ಡಿಪ್‌ಸ್ವಿಚ್
ಬೇಡ. ಭಾಗವತರ ಗಂಟಲು ಗಂಟೆಗಟ್ಟಲೆ ಹಾಡಬೇಕು. ಹೊಗೆ ತೋರಿಸಲಿಕ್ಕೆ ಬೀಮ್ ಬೇಕು, ಬೀಮು ಯಕ್ಷಗಾನಕ್ಕೆ ಬೇಕಾದ್ದಲ್ಲ. ವಿಡಿಯೋ ಮಾಡುವವರಿದ್ರೆ ಶಟರ್ 1/50ಕ್ಕೆ ಇಡಲಿಕ್ಕೆ ಹೇಳಿ. ಪಟ್ಟೆ ಆಗಲೂ ಬಂದ್ರೆ ಪಾರಿನ ಮೆನುವಿನಲ್ಲಿ ಪಿಡಬ್ಲ್ಯೂಎಂ ಫ್ರೀಕ್ವೆನ್ಸಿ (ಎಲ್‌ಇಡಿ ಮಿಟುಕುವ ವೇಗ) ಏರಿಸಿ.

ಗಾಳಿಮಾಪಕ
ಕಾರವಾರದ ಸಾಮಾನು ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ತರುವವರಿಗೆ ಒಂದು ಮಾತು: ಶಾರ್ಪಿಯ ಪ್ಯಾನ್, ಟಿಲ್ಟ್ ಲಾಕ್ ಹಾಕಿಯೇ ಲಾರಿಗೆ ಏರಿಸಿ. ಅಲ್ಲಿ ಇಳಿಸಿದ ಮೇಲೆ ಲಾಕ್ ತೆಗೆದು ಆಮೇಲೆ ಕರೆಂಟ್ ಕೊಡಿ. ಲಾಕ್ ಇರುವಾಗಲೇ ಆನ್ ಮಾಡಿದ್ರೆ ಮೋಟರ್ ತಡಕಾಡಿ ಬೆಲ್ಟಿನ ಹಲ್ಲು ಹಾರ್ತದೆ.

ಬೈತಖೋಲ್_ಬೀಮ್
ಎಲ್ಲರಿಗೂ ದೊಡ್ಡ ಉಪಕಾರ. 62.5 ಹಾಗೇ ಇಟ್ಟು ಸೌಂಡಿಗೆ ಬೇರೆ 30 ಕೆವಿಎ ಕೇಳಿದ್ದೇನೆ, ಡ್ರಮ್ಮು ಮೂರು ಹೇಳಿ ಆಯ್ತು. ಸಂಘಟಕರು ಹೇಜರ್ ಎರಡು ಬೇಕು ಅಂತ ಹಟ ಹಿಡಿದಿದ್ದಾರೆ. ಮತ್ತೆ ಶೋ ಮುಗಿದ ಮೇಲೆ ಉಪ್ಪು ತೆಗೆಯೋದು ಹೇಗೆ?

ಕುಮಟಾ_ಹೇಜ್
ಹೇಜರ್ ವಿಷಯ ನಾನು ಹೇಳ್ತೇನೆ. ಎರಡಲ್ಲ, ನಾಲ್ಕಿಟ್ರೂ ಬಯಲು ಬೀಚಿನಲ್ಲಿ ನಿಲ್ಲೋದಿಲ್ಲ. ಇರೋ ಒಂದನ್ನೇ ಗಾಳಿ ಬರುವ ಬದಿಗೆ ಇಡಿ. ಸಂಜೆ ಕಡಲ ಕಡೆಯಿಂದ ಬರ್ತದೆ, ಸೂರ್ಯ ಮುಳುಗಿ ಕೆಲ ಹೊತ್ತಿಗೆ ನಿಲ್ತದೆ, ತಡರಾತ್ರಿ ನೆಲದ ಕಡೆಯಿಂದ ತಿರುಗ್ತದೆ. ಹಾಗಾಗಿ ಉದ್ದ ವೈರ್ ಇಟ್ಟು ಜಾಗ ಬದಲಿಸುವ ಹಾಗಿರಲಿ. ಮುಂದೆ ಪೈಪಿಗೆ ತೂತು ಕೊರೆದು ಟ್ರಸ್ ಉದ್ದಕ್ಕೂ ಎಳೆದ್ರೆ ಇನ್ನೂ ಸಮ ಹರಡ್ತದೆ.

ಡಿಪ್‌ಸ್ವಿಚ್
ಉಪ್ಪಿಗೆ: ಅದೇ ರಾತ್ರಿ, ಒಣಗುವ ಮೊದಲೇ, ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಬಾಡಿ, ಕ್ಲ್ಯಾಂಪು, ಕೇಬಲ್ ಒರೆಸಿ. ಆಮೇಲೆ ಒಣ ಬಟ್ಟೆ. ಲೆನ್ಸಿಗೆ ಐಸೊಪ್ರೊಪೈಲ್, ಬಿಸಿ ಆರಿದ ಮೇಲೆ. ಮರುದಿನ ಬ್ಲೋವರಿನಿಂದ ಒಳಗೆ ಊದಿ, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದು. ಬಿಟ್ರೆ ಅತಿ ವೇಗಕ್ಕೆ ತಿರುಗಿ ಬೇರಿಂಗ್ ಹೋಗ್ತದೆ. ಎಕ್ಸ್‌ಎಲ್‌ಆರ್ ಪಿನ್ನಿಗೆ ಕಾಂಟ್ಯಾಕ್ಟ್ ಕ್ಲೀನರ್ ಮಾತ್ರ, ಎಣ್ಣೆ ಗ್ರೀಸ್ ಬೇಡ, ಮರಳು ಅಂಟ್ತದೆ. ಒದ್ದೆ ಇರುವಾಗ ಫ್ಲೈಟ್ ಕೇಸ್ ಮುಚ್ಚಿದ್ರೆ ವಾರದಲ್ಲಿ ಒಳಗಿನ ಬೋರ್ಡು ಹಸಿರು.

ಬೈತಖೋಲ್_ಬೀಮ್
ಕೊನೇದು. 120 ಓಮಿನ ಡಿಎಂಎಕ್ಸ್ ಕೇಬಲ್ ಇಲ್ಲಿ ಸಿಗದಿದ್ರೆ ಆರ್‌ಎಸ್-485 ಅಂತ ಫ್ಯಾಕ್ಟರಿಗಳಿಗೆ ಹಾಕುವ ಶೀಲ್ಡ್ ಜೋಡಿ ಕೇಬಲ್ ಆಗ್ತದಾ?

ಡಿಪ್‌ಸ್ವಿಚ್
ಆಗ್ತದೆ, ಇಂಪಿಡೆನ್ಸ್ ಅದೇ. ಶೀಲ್ಡ್ 1ಕ್ಕೆ, ಜೋಡಿ 2 ಮತ್ತು 3ಕ್ಕೆ, ಕನೆಕ್ಟರಿನ ಲೋಹದ ಕವಚಕ್ಕೆ ಶೀಲ್ಡ್ ತಾಗಬಾರದು. ಒಂದೇ ತೊಂದ್ರೆ, ಅದರ ಹೊರಪದರ ಗಟ್ಟಿ, ಸುತ್ತಿ ಬಿಚ್ಚಿ ಮಾಡಿದ್ರೆ ಕನೆಕ್ಟರ್ ಬುಡದಲ್ಲಿ ಒಳಗಿನ ತಂತಿ ತುಂಡಾಗ್ತದೆ. ಕನ್ಸೋಲಿನಿಂದ ಸ್ಪ್ಲಿಟರಿಗೆ ಬರುವ ಉದ್ದನೆಯದಕ್ಕೆ ಅದನ್ನು ಹಾಕಿ, ಎರಡು ಎಳೆಯಿರಿ, ಒಂದು ಬಿಡಿಗೆ ಇರಲಿ. ಫಿಕ್ಸ್ಚರಿನಿಂದ ಫಿಕ್ಸ್ಚರಿಗೆ ಮೆತ್ತನೆಯ ಡಿಎಂಎಕ್ಸ್ ಕೇಬಲನ್ನೇ ಹುಬ್ಬಳ್ಳಿಯಿಂದ ತರಿಸಿಕೊಳ್ಳಿ.